ಡ್ರಾಪ್ ಮಾಡ್ತೀರಾ?

ನಾವಿರೋ ಮುಕಿಲ್ಟಿಯೊ ಊರಿನ ಒಂದು ಹಾಲ್‌ಗೆ ನಾರ್ದರ್ನ್ ಸೋಲ್ ಅನ್ನೋ ಇಂಗ್ಲೆಂಡಿನ ಡ್ಯಾನ್ಸ್ ಕಲಿಯೋಕೆ ಆಗಷ್ಟೇ ಹೋಗೋಕೆ ಶುರು ಮಾಡಿದ್ದೆ. ಜೋಡಿ ಬೇಕಿಲ್ಲ, ಒಬ್ಬೊಬ್ಬರೇ ಕುಣಿಯೋದು. ಕೇರಂ ಬೋರ್ಡಿಗೆ ಹಾಕೋ ಹಾಗೆ ನೆಲಕ್ಕೆ ಪೌಡರ್ ಉದುರಿಸಿ, ಕಾಲು ಜಾರಿಸ್ತಾ ಹೆಜ್ಜೆ ಹಾಕಬೇಕು. ನನಗೆ ಬರ್ತಿದ್ದದ್ದು ಅಷ್ಟೇ.

ಒಂದು ಭಾನುವಾರ ಮಧ್ಯಾಹ್ನ, ಅಲ್ಲಿ ಎಲ್ಲರೂ ಹೆದರೋ ಇಂಗ್ಲಿಷ್ ಮುದುಕರೊಬ್ಬರು ನನ್ನ ಹತ್ತಿರ ಬಂದು, “ಡೂ ಯು ಡ್ರಾಪ್?” ಅಂದರು.

ಪಾಪ, ಕಾರು ತಂದಿಲ್ಲ ಅಂದ್ಕೊಂಡೆ. “ಖಂಡಿತ. ಹೋದ ವಾರ ನಮ್ಮತ್ತೇನೂ ಡ್ರಾಪ್ ಮಾಡಿದೆ” ಅಂದೆ.

ಅವರ ಮುಖ ಬಿಗಿಯಾಯ್ತು. “ಹೆಜ್ಜೆ ಬರದವರೇ ಸರ್ಕಸ್ ಮಾಡೋದು. ಎಲ್ಲಿ, ಮಾಡಿ ತೋರಿಸಿ ನೋಡೋಣ” ಅಂತ ಸುತ್ತ ಇದ್ದವರನ್ನೆಲ್ಲ ಹಿಂದಕ್ಕೆ ಸರಿಸಿದರು. ನನಗೇನೂ ಅರ್ಥವಾಗಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ಮೆಲ್ಲಗೆ, “ಹಿಂದಕ್ಕೆ ಬೀಳುವಾಗ ತಲೆ ಜೋಪಾನ. ಕೈ ಊರಿ ತಕ್ಷಣ ಎದ್ದುಬಿಡಿ” ಅಂದಳು.

ಡ್ರಾಪ್ ಅಂದ್ರೆ ಕುಣೀತಾ ಕುಣೀತಾ ಹಿಂದಕ್ಕೆ ಬಿದ್ದು ಏಳೋದು ಅಂತ ಆಗ ಹೊಳೀತು. ಹಾಡು ಆಗಲೇ ಶುರುವಾಗಿತ್ತು. ಸ್ಲಿಪ್ ಡಿಸ್ಕ್ ಆಗಿದ್ದ ಬೆನ್ನು ನಂದು. ತಲೆ ತಗ್ಗಿಸಿ ಬರೀ ಹೆಜ್ಜೆ ಹಾಕ್ತಾ ಹೋದೆ. ಈಗ ಬೀಳ್ತಾನೆ, ಈಗ ಬೀಳ್ತಾನೆ ಅಂತ ಎಲ್ಲರೂ ಉಸಿರು ಬಿಗಿಹಿಡಿದು ನೋಡ್ತಿದ್ದರು. ಬೀಳಲೇ ಇಲ್ಲ. ಹಾಡು ಮುಗೀತು.

“ಯಾಕೆ ಬೀಳಲಿಲ್ಲ?” ಅಂದರು ಮುದುಕರು. ನಮ್ಮ ಕಡೆ ಡ್ರಾಪ್ ಅಂದ್ರೆ ಕಾರಲ್ಲಿ ಮನೆ ತಲುಪಿಸೋದು ಅಂತ ವಿವರಿಸಿದೆ. ಅವರು ನಗಲಿಲ್ಲ. “ಹೆಜ್ಜೆ ಪರವಾಗಿಲ್ಲ” ಅಂತ ಕೋಟು ಹಾಕ್ಕೊಂಡು, ಕಾರೆಲ್ಲಿದೆ ಅಂತ ಕೇಳಿದರು.

ಅವರನ್ನ ಮನೆವರೆಗೂ ಡ್ರಾಪ್ ಮಾಡಿದೆ. ಇಳಿಯುವಾಗ, “ಹಾಗಾದ್ರೆ ನಿಮ್ಮತ್ತೆಗೆ ಏನೂ ಆಗಿಲ್ಲ ತಾನೇ?” ಅಂದರು.