ಬೆಕ್ಕಿನ ಅಂಗಿಗೆ ಬಿದ್ದ ಜೋಡುಗಂಟು

ನಮ್ಮ ಬೆಕ್ಕು ಚುರುಮುರಿಯ ಹೊಟ್ಟೆಯ ಹೊಲಿಗೆ ಬಿಟ್ಟದ್ದು ಡಾಕ್ಟರ ತಪ್ಪಿನಿಂದಲ್ಲ. ಬೆಕ್ಕು ತಾನಾಗಿ ಕಿತ್ತುಕೊಂಡದ್ದರಿಂದಲೂ ಅಲ್ಲ. ನಮ್ಮ ಬೀಗತಿ ಹರಳೆಣ್ಣೆ ಹಚ್ಚಿದ್ದರಿಂದ. ಅವರು ಇವತ್ತಿಗೂ ಇದನ್ನು ಒಪ್ಪುವುದಿಲ್ಲ. ಒಪ್ಪದಿದ್ದರೆ ಬಿಡಲಿ, ಆದದ್ದು ಅದೇ.

ನಾನು ಹಾನಗಲ್ಲಿನ ಒಂದು ದವಾಖಾನೆಯಲ್ಲಿ ಹೆಂಗಸರ ವಾರ್ಡಿನ ಆಯಾ ಆಗಿದ್ದವಳು. ನಾಲ್ಕನೇ ಇಯತ್ತೆ ದಾಟಿಲ್ಲ. ಆದರೆ ಕೂದಲು ಬೆಳ್ಳಗಾಗುವ ತನಕ ಆಪರೇಷನ್ ಆದ ಹೆಂಗಸರ ಮಂಚದ ಪಕ್ಕ ನಿಂತಿದ್ದೇನೆ. ಹಿರೇಕೆರೂರು, ಶಿಗ್ಗಾಂವಿ ಕಡೆಯಿಂದಲೂ ಬಂದು ಮಲಗುತ್ತಿದ್ದರು. ಆ ಕೆಲಸ ನನಗೆ ಕಲಿಸಿದ್ದು ಸಂಶಯಪಡುವುದನ್ನು. ಆಪರೇಷನ್ನಿಗೆ ಮೊದಲು ಹೊಟ್ಟೆ ಖಾಲಿ ಇರಬೇಕು ಎಂದರೆ ಎಲ್ಲರೂ "ಏನೂ ತಿಂದಿಲ್ರಿ" ಎನ್ನುವವರೇ. ನಾನು ಮುಖ ನೋಡುತ್ತಿರಲಿಲ್ಲ, ದಿಂಬಿನ ಕೆಳಗೆ ಕೈ ಹಾಕುತ್ತಿದ್ದೆ. ಒಮ್ಮೆ ಬಾಳೆಹಣ್ಣು ಸಿಗುತ್ತಿತ್ತು, ಒಮ್ಮೆ ಪೇಪರಿನಲ್ಲಿ ಸುತ್ತಿದ ಮಿರ್ಚಿಭಜಿ.

ಈಗ ಅಕ್ಕಿಆಲೂರಿನಲ್ಲಿ ಮಗನ ಸಂಸಾರದ ಜೊತೆ ಇದ್ದೇನೆ. ದವಾಖಾನೆಯಲ್ಲಿ ಆಯಾ ಆಗಿದ್ದವಳು ಮನೆಯಲ್ಲಿ ಮೊಮ್ಮಗಳಿಗೆ ಆಯಿ ಆಗಿದ್ದೇನೆ, ಅಷ್ಟೇ ಫರಕು. ಜನ "ನಿಮ್ಮ ಸರ್ವಿಸಿನ್ಯಾಗ ಮರೀಲಾರದ ಕೇಸ್ ಯಾವುದ್ರಿ?" ಎಂದು ಕೇಳುತ್ತಾರೆ. ಬಸ್ಸಿನಲ್ಲಿ ಹೆತ್ತವಳ ಕಥೆ, ಅವಳಿ ಕೂಸಿನ ಕಥೆ ಹೇಳಲಿ ಎಂದು ಅವರ ಆಸೆ. ನಾನು ಬೆಕ್ಕಿನದು ಹೇಳುತ್ತೇನೆ. ರಿಟೈರ್ ಆದ ಮೇಲೆ, ಹೋದ ವರ್ಷದ ಚಳಿಯಲ್ಲಿ, ಮನೆಯೊಳಗೇ ಬಂದ ಕೇಸು ಅದು.

ಬಿಳಿ ಮೈ, ಅಲ್ಲಲ್ಲಿ ಕಂದು ಚುಕ್ಕಿ ಇದ್ದ ಹೆಣ್ಣು ಮರಿ. ಮೊಮ್ಮಗಳು ಭಾಗ್ಯ ಅದನ್ನು ಅಕ್ಕಿ ಮಿಲ್ಲಿನ ಗೋಡೆ ಬದಿಯಿಂದ ಎತ್ತಿಕೊಂಡು ಬಂದು ಚುರುಮುರಿ ಎಂದು ಹೆಸರಿಟ್ಟಿದ್ದಳು. ಮರಿ ಬೆಳೆದು, ಗಂಡು ಬೆಕ್ಕುಗಳು ಹಂಚಿನ ಮೇಲೆ ಬಂದು ಕೂಗುವುದಕ್ಕೆ ಶುರುಮಾಡಿದವು. ಆಪರೇಷನ್ ಮಾಡಿಸೋಣ ಎಂದವಳು ನಾನು. ಬೆಕ್ಕಿನ ಆಪರೇಷನ್ ಎಂದರೆ ಹೆಂಗಸರಿಗೆ ಮಾಡುವ ಹಾಗೆ ನಳಿಕೆ ಕಟ್ಟುವುದಲ್ಲ. ಹೊಟ್ಟೆ ಸ್ವಲ್ಪ ಕೊಯ್ದು ಗರ್ಭಚೀಲ, ಅಂಡಾಶಯ ಎರಡನ್ನೂ ತೆಗೆದುಬಿಡುತ್ತಾರೆ. ಇದಕ್ಕೆ ಸ್ಪೇಯಿಂಗ್ ಅನ್ನುತ್ತಾರೆ.

ಆಗ ನಮ್ಮ ಮನೆಯಲ್ಲಿ ಬೀಗತಿ ನೀಲವ್ವ ಇದ್ದರು. ಸೊಸೆ ಸುಧಾಳ ತಾಯಿ, ಸವಣೂರಿನವರು. ಅಲ್ಲಿ ಅವರ ಮಗ ಹಳೇ ಮನೆ ಕೆಡವಿ ಕಟ್ಟಿಸುತ್ತಿದ್ದ, ಅದು ಮುಗಿಯುವ ತನಕ ಮಗಳ ಹತ್ತಿರ ಇರಲೆಂದು ಬಂದಿದ್ದರು.

"ಅಕ್ಕಾರ, ಒಂದು ಸಲನೂ ಮರಿ ಹಾಕಿಲ್ಲ ಅದು. ಅದರ ಚೀಲ ತಗಸ್ತೀರಿ? ಪಾಪ ಸುತ್ತಿಕೊಂತೈತ್ರಿ" ಅಂದರು.

"ಸುತ್ತಿಕೊಳ್ಳಲಿ ಬಿಡ್ರಿ. ಹಾಕಿದ ಮರಿ ಗೋಣಿಚೀಲದಾಗ ತುಂಬಿ ಕಾಲುವಿ ದಂಡಿಗೆ ಬಿಟ್ಟು ಬರೋರು ಯಾರು? ನೀವು ಹೊಕ್ಕೀರೇನು?" ಅಂದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ ಸುಮ್ಮನಾದರು. ಸುಮ್ಮನಾದವರನ್ನು ನಾನು ನಂಬುವುದಿಲ್ಲ.

ಹಾನಗಲ್ಲಿನ ಪ್ರಾಣಿಗಳ ಡಾಕ್ಟರಮ್ಮ ಶಿಗ್ಗಾಂವಿ ಕಡೆಯ ಹುಡುಗಿ. ಕೈ ಚಿಕ್ಕದು, ಚುರುಕು. ಆಪರೇಷನ್ ಮುಗಿಸಿ ನನ್ನನ್ನು ಕರೆದು ಹೇಳಿದಳು: ಬೆಚ್ಚಗೆ, ಕತ್ತಲು ಕತ್ತಲಿರುವ ಜಾಗದಲ್ಲಿ ಮಲಗಿಸಬೇಕು. ಅರಿವಳಿಕೆ ಮದ್ದಿನ ಗುಂಗು ಪೂರ್ತಿ ಇಳಿಯುವ ತನಕ ತಿನ್ನಲು ಕೊಡಬಾರದು, ಆಮೇಲೂ ಸ್ವಲ್ಪವೇ. ಜಿಗಿಯಬಾರದು, ಹೊಲಿಗೆ ನೆಕ್ಕಬಾರದು, ಗಾಯಕ್ಕೆ ನೀರು ತಾಗಬಾರದು. "ಹೊಲಿಗಿಗೆ ಏನೂ ಹಚ್ಚಬ್ಯಾಡ್ರಿ, ಅರಿಷಿಣಾನೂ ಬ್ಯಾಡ." ಇದನ್ನು ನನಗೆ ಹೇಳಬೇಕಾಗಿರಲಿಲ್ಲ, ನಾನೇ ವಾರ್ಡಿನಲ್ಲಿ ಸಾವಿರ ಮಂದಿಗೆ ಹೇಳಿದವಳು.

ಬುಟ್ಟಿಗೆ ಸೀರೆ ತುಂಡು ಮುಚ್ಚಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ ಬುಟ್ಟಿ ನೋಡಿ, "ಆಯಿ, ಕೋಳಿಗೆ ಟಿಕೀಟು ತಗೋಬೇಕಾಕ್ಕೈತಿ" ಅಂದ. "ಕೋಳಿ ಅಲ್ಲೋ, ಪೇಶಂಟ್" ಅಂದೆ. ಬಟ್ಟೆ ಸರಿಸಿ ಇಣುಕಿದ. ಮರಿಯ ಕಣ್ಣು ತೆರೆದಿತ್ತು, ನೋಟ ಇರಲಿಲ್ಲ. ನಾಲಿಗೆ ಸ್ವಲ್ಪ ಹೊರಗೆ. ಅವನು ಟಿಕೀಟಿನ ಮಾತು ಬಿಟ್ಟು ಮುಂದೆ ಹೋದ.

ಮನೆಯಲ್ಲಿ ಟೊಮ್ಯಾಟೊ ಟ್ರೇಗೆ ಹಳೇ ಕೌದಿ ಹಾಸಿ, ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಟ್ಟೆ. ಉಸುಕು ಗಾಯಕ್ಕೆ ಅಂಟುತ್ತದೆ ಎಂದು ಹೇಲು ಉಚ್ಚೆಗೆ ಹರಿದ ಪೇಪರು ಹಾಕಿದೆ. ನೆಕ್ಕಬಾರದು ಎಂದು ಡಾಕ್ಟರು ಕುತ್ತಿಗೆಗೆ ಪ್ಲಾಸ್ಟಿಕ್ಕಿನ ಕೋನ್ ಹಾಕಿ ಕಳಿಸಿದ್ದಳು. ಮರಿ ಅದನ್ನು ಗೋಡೆಗೆ ಬಡಿದುಕೊಂಡು ಹಿಂದಕ್ಕೆ ಹಿಂದಕ್ಕೆ ನಡೆಯಿತು. ಸುಧಾ ಮನೆಯಲ್ಲೇ ಜಂಪರು ಹೊಲಿಯುವವಳು. ಹಳೇ ಸ್ವೆಟರಿನ ತೋಳು ಕತ್ತರಿಸಿ, ಕಾಲಿಗೆ ತೂತು ಬಿಟ್ಟು, ಬೆನ್ನ ಮೇಲೆ ಲಾಡಿ ಕಟ್ಟುವಂತೆ ಒಂದು ಅಂಗಿ ಮಾಡಿಕೊಟ್ಟಳು. ಹೊಟ್ಟೆ ಪೂರ್ತಿ ಮುಚ್ಚಿತು. ಕೋನ್ ಬಿಚ್ಚಿದೆವು.

ಅವತ್ತು ಸಂಜೆಯೇ ಮರಿ ವಾಂತಿ ಮಾಡಿತು. ನಾನು ಬರೀ ನೀರು ತೋರಿಸಿದ್ದೆ. ವಾಂತಿಯಲ್ಲಿ ಹಾಲಿತ್ತು. ಬಗ್ಗಿ ಮೂಸಿದೆ, ತುಪ್ಪವೂ ಇತ್ತು.

"ಹಾಲು ಯಾರು ಹಾಕಿದ್ರಿ?"

ಭಾಗ್ಯ ನಾನಲ್ಲ ಅಂದಳು. ಸುಧಾ ನಾನಲ್ಲ ಅಂದಳು. ನೀಲವ್ವ "ಬೆಕ್ಕು ಅಂದಮ್ಯಾಲ ಎಲ್ಲಿಯರ ಕುಡದಿರತೈತಿ" ಅಂದರು. ನೆಟ್ಟಗೆ ಹೆಜ್ಜೆ ಇಡಲಾರದ ಪೇಶಂಟು ಅಡಿಗೆ ಮನೆಗೆ ಹೋಗಿ ತುಪ್ಪದ ಡಬ್ಬಿ ತೆಗೆಯಿತೇ? ನಾನು ಎಲ್ಲರ ಮುಖ ನೋಡಿದೆ. ಭಾಗ್ಯ ಕಾಲೇಜು ಹುಡುಗಿ, ಮರಿಯ ಮೇಲೆ ಜೀವ ಇಟ್ಟವಳು, ಇವಳೇ ಇರಬೇಕು ಎಂದು ಮನಸ್ಸಿನಲ್ಲಿ ಬರೆದುಕೊಂಡೆ.

ಮರುದಿನ ಗಾಯ ಒಣಗಿ ನೀಟಾಗಿತ್ತು. ಅದರ ಮರುದಿನ ನೋಡಿದರೆ ಹೊಳೆಯುತ್ತಿತ್ತು. ಒಣಗಬೇಕಾದ ಗಾಯ ಹೊಳೆಯಬಾರದು. ಹೊಲಿಗೆಯ ಒಂದು ತುದಿಯಲ್ಲಿ ಚರ್ಮ ಮೆತ್ತಗಾಗಿ ಉಗುರಿನಷ್ಟು ಬಾಯಿ ಬಿಟ್ಟಿತ್ತು. ದಾರ ಜೊಳ್ಳು, ಡಾಕ್ಟರ್ ಹುಡುಗಿ ಅವಸರ ಮಾಡಿದ್ದಾಳೆ ಎಂದು ಸಿಟ್ಟು ನೆತ್ತಿಗೇರಿತು. ಬುಟ್ಟಿ ಎತ್ತಿಕೊಂಡು ಮತ್ತೆ ಹಾನಗಲ್ಲಿಗೆ ಹೋದೆ.

ಅವಳು ಗಾಯದ ಪಕ್ಕದ ಕೂದಲು ಎರಡು ಬೆರಳಲ್ಲಿ ತಿಕ್ಕಿ ಮೂಸಿದಳು.

"ಆಯಿ, ಇದಕ್ಕ ಎಣ್ಣಿ ಹಚ್ಚೀರೇನು?"

"ನಾನು? ದವಾಖಾನ್ಯಾಗ ಕೂದಲ ಬೆಳ್ಳಗ ಮಾಡಿಕೊಂಡಾಕಿ ನಾನು. ನಿಮ್ಮ ದಾರ ನೋಡಿಕೊಳ್ರಿ ಮೊದಲ."

"ಹಚ್ಚಿಲ್ಲಂದ್ರ ಇದೇನು ಹರಳೆಣ್ಣಿ ಬೆವತೈತೇನ್ರಿ?"

ನಾನೂ ಮೂಸಿದೆ. ಹರಳೆಣ್ಣೆಯೇ.

ಅವಳು ತಾಳ್ಮೆಯಿಂದ ತಿಳಿಸಿದಳು. ಹೊಲಿಗೆ ಎರಡು ಪದರ. ಒಳಗಿನದು ಇನ್ನೂ ಗಟ್ಟಿ ಇದೆ, ಬಿಟ್ಟಿರುವುದು ಹೊರಗಿನ ಚರ್ಮ. ಎಣ್ಣೆ ತಿಕ್ಕಿದರೆ ಚರ್ಮ ನೆನೆದು ದಾರ ಅದನ್ನೇ ಕೊಯ್ಯುತ್ತದೆ. ಎಣ್ಣೆ ಮೈಗೆ ಹತ್ತಿದರೆ ಬೆಕ್ಕು ನೆಕ್ಕದೆ ಬಿಡುವುದಿಲ್ಲ. ಒಳಪದರವೂ ಬಿಟ್ಟರೆ ಕರುಳು ಹೊರಗೆ ಬರುತ್ತದೆ, ಆಗ ಮತ್ತೆ ಗುಂಗಿನ ಮದ್ದು ಕೊಟ್ಟು ಹೊಲಿಯಬೇಕು. "ಇಷ್ಟು ಸಣ್ಣ ಜೀವ ಇಷ್ಟು ಬೇಗ ಎರಡನೇ ಸಲ ತಡಕೊಂತೈತಿ ಅಂತ ನಾ ಮಾತು ಕೊಡೂದಿಲ್ಲ. ಇನ್ನೊಂದು ಸಲ ಎಣ್ಣಿ ಬೀಳಬಾರದು" ಅಂದಳು. ಗಾಯ ತೊಳೆದು, ಇಂಜೆಕ್ಷನ್ ಮಾಡಿ, ಕೀವು ಆಗದ ಹಾಗೆ ಔಷಧಿ ಕೊಟ್ಟಳು.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಮನೆಯಲ್ಲಿ ಈ ಮರಿ ಸಾಯಲಿ ಎಂದು ಯಾರಿಗೆ ಬೇಕಾಗಿದೆ?

ಈ ಸಲ ಸಂಶಯ ಬಿದ್ದದ್ದು ಸುಧಾಳ ಮೇಲೆ. ಅಂಗಿ ಹೊಲಿದವಳು ಅವಳು. ಡಾಕ್ಟರ ಹೊಲಿಗೆ ನೋಡಿ "ನಾ ಇದಕ್ಕಿಂತ ಛಂದ ಹಾಕ್ತಿದ್ದೆ" ಅಂದಿದ್ದಳು. ಮಷೀನಿಗೆ ಬಿಡುವ ಎಣ್ಣೆ ಡಬ್ಬಿಯೂ ಅವಳ ಕೈಗೇ ಸಿಗುವಂತಿರುತ್ತದೆ. ವಾಸನೆ ಅದಲ್ಲ ಎಂದು ಮೂಗಿಗೆ ಗೊತ್ತಿತ್ತು, ಬಾಯಿ ತಡೆಯಲಿಲ್ಲ.

"ಏನವಾ, ಬೆಕ್ಕಿಗೂ ಎಣ್ಣಿ ಬಿಟ್ಟೀಯೇನು ಮಷೀನಿಗೆ ಬಿಟ್ಟಂಗ?"

ಅವಳು ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು. "ಅಂಗಿ ಹೊಲದು ಕೊಟ್ಟದ್ದಕ್ಕ ಇದನ್ರಿ ಅತ್ತಿ ಬಹುಮಾನ? ನಿಮ್ಮ ಕಣ್ಣಾಗ ಮನಿ ಮಂದೆಲ್ಲಾ ಕಳ್ಳರು."

ಆಮೇಲೆ ನನ್ನ ಜೊತೆ ಮಾತಿಲ್ಲ. ಚಹಾದ ಕಪ್ಪು ನನ್ನ ಮುಂದೆ ಟಣ್ ಎಂದು ಬಂದು ಕೂರುತ್ತಿತ್ತು, ಅಷ್ಟೇ.

ನಾನು ಟ್ರೇಯನ್ನು ನನ್ನ ಮಂಚದ ಬದಿಗೆ ತಂದಿಟ್ಟುಕೊಂಡೆ. ಲಾಡಿಯನ್ನು ನಾನೇ ಕಟ್ಟಿದೆ. ವಾರ್ಡಿನ ರೂಢಿ ಒಂದಿದೆ. ಡ್ರೆಸ್ಸಿಂಗ್ ಕಟ್ಟುವಾಗ ನಾವು ಕುಣಿಕೆ ಬಿಡುತ್ತೇವೆ, ಒಂದು ಎಳೆ ಜಗ್ಗಿದರೆ ಸರ್ರನೆ ಬಿಚ್ಚಬೇಕು. ರಕ್ತ ಬಂದರೆ ಗಂಟು ಬಿಚ್ಚುತ್ತಾ ಕೂರಲು ಹೊತ್ತು ಇರುವುದಿಲ್ಲ. ಹಾಗೆ ಕಟ್ಟಿ, ಸ್ನಾನಕ್ಕೆ ಹೋಗಿ ಬಂದೆ. ಗಾಯ ನೋಡೋಣ ಎಂದು ಎಳೆ ಜಗ್ಗಿದರೆ ಬಿಚ್ಚಲಿಲ್ಲ. ಕುಣಿಕೆಯ ಜಾಗದಲ್ಲಿ ಒಂದರ ಮೇಲೊಂದು ಎರಡು ಬಿಗಿ ಗಂಟು, ಹಲ್ಲು ಹಾಕಿದರೂ ಬಿಡದಂಥ ಜೋಡುಗಂಟು. ಬೆಕ್ಕು ತನ್ನ ಲಾಡಿ ಬಿಚ್ಚಿಕೊಳ್ಳಬಹುದು. ಮತ್ತೆ ಕಟ್ಟಿಕೊಳ್ಳಲಾರದು.

ಕತ್ತರಿಯಿಂದ ಲಾಡಿ ಕತ್ತರಿಸಿ ನೋಡಿದೆ. ಗಾಯದ ಸುತ್ತ ಮತ್ತೆ ಎಣ್ಣೆ, ಇನ್ನೂ ಬೆಚ್ಚಗಿತ್ತು. ಯಾರೋ ಕಾಯಿಸಿ ಹಚ್ಚಿದ್ದಾರೆ. ಬಿಟ್ಟ ಬಾಯಿ ಇನ್ನಷ್ಟು ಅಗಲವಾಗಿತ್ತು. ಡಾಕ್ಟರು ಕೊಟ್ಟ ಬಟ್ಟೆಯಿಂದ ಒತ್ತಿ ಒತ್ತಿ ಒರೆಸಿದೆ. ಮಗ ಕೆಲಸಕ್ಕೆ, ಭಾಗ್ಯ ಕಾಲೇಜಿಗೆ ಹೋಗಿದ್ದರು. ಸುಧಾ ಗಂಟು ಹಾಕುವ ರೀತಿ ನನಗೆ ಗೊತ್ತು, ಅವಳು ಹೂವಿನ ಹಾಗೆ ಕಟ್ಟುತ್ತಾಳೆ. ಉಳಿದವರು ಒಬ್ಬರೇ.

ಆದರೂ ಬೀಗತಿ. ಕಣ್ಣಾರೆ ಕಾಣದೆ ಬಾಯಿ ಬಿಟ್ಟರೆ ಎರಡು ಮನೆ ಮುರಿಯುತ್ತವೆ. ಮಧ್ಯಾಹ್ನ ಊಟ ಆದ ಮೇಲೆ ಹೋಗಿ ಅವರ ಎದುರು ಕೂತೆ.

"ನಿಮ್ಮ ಸವಣೂರ ಎಲಿ ಒಂದು ಕೊಡ್ರಿ, ನೋಡೋಣು."

"ಅಯ್ಯ, ಅಕ್ಕಾರು ಎಲಿ ಹಾಕ್ತೀನಂದ್ರ! ಇವತ್ತ ಸೂರ್ಯಾ ಎತ್ತಾಗ ಹುಟ್ಯಾನ್ರಿ?" ಎಂದು ಖುಷಿಯಿಂದ ಸೊಂಟದಿಂದ ಚಂಚಿ ತೆಗೆದರು. ಚಂಚಿ ಅಂದರೆ ಎಲೆ ಅಡಿಕೆಯ ಬಟ್ಟೆ ಚೀಲ. ಅದರ ದಾರಕ್ಕೆ ಹಲ್ಲು ಹಾಕಿ ಬಿಚ್ಚಿದರು. ಎಲೆ ಒರೆಸಿ, ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಚಿ ಕೊಟ್ಟರು. ನಾನು ಅಗಿಯುತ್ತಾ ಅವರ ಕೈಯನ್ನೇ ನೋಡಿದೆ. ಚಂಚಿ ಸುತ್ತಿದರು. ದಾರ ತಂದರು. ಒಂದು ಗಂಟು ಹಾಕಿ ಜಗ್ಗಿದರು. ಅದರ ಮೇಲೆ ಇನ್ನೊಂದು.

ಕತ್ತರಿಸಿದ ಲಾಡಿಯನ್ನು ಚಂಚಿಯ ಪಕ್ಕ ಇಟ್ಟೆ.

ನೀಲವ್ವ ಅದನ್ನು ನೋಡಿದರು, ನನ್ನನ್ನು ನೋಡಿದರು. ಹೆದರುತ್ತಾರೆ ಅಂದುಕೊಂಡಿದ್ದೆ, ಹೆದರಲಿಲ್ಲ.

"ಹೂಂ, ಹಚ್ಚೇನಿ. ಹೊಟ್ಟಿ ಕೊಯ್ದ ಹೆಣ್ಣನ್ನ ಹಂಗ ಒಣಾ ಬಿಡತಾರೇನ್ರಿ? ನನಗ ಹೆರಿಗಿ ಆಪರೇಷನ್ ಆದಾಗ ನಮ್ಮವ್ವ ಎಣ್ಣಿ ಕಾಸಿ ಹಚ್ಚಿ, ಹಾಲಿಗೆ ತುಪ್ಪಾ ಹಾಕಿ ಕುಡಿಸಿದ್ಲು. ನಾ ಸತ್ತೇನೇನು?"

"ಅದು ಬಾಣಂತಿ ಅಲ್ರಿ. ಅದಕ್ಕ ಕೂಸಿಲ್ಲ."

"ಕೂಸಿಲ್ಲಂದ್ರ ನೋವೂ ಇಲ್ಲೇನ್ರಿ? ಬಾಣಂತಿಗೆ ಕೂಸಿನ ಮಕಾ ನೋಡಿದ್ರ ಅರ್ಧಾ ನೋವು ಹೊಕ್ಕೈತಿ. ಇದು ಏನು ನೋಡಬೇಕು?"

ಸುಧಾಳ ಮಷೀನು ನಿಂತಿತು. ನನ್ನ ಬಾಯಲ್ಲಿ ಎಲೆ ಇತ್ತು. ಎದ್ದು ಹೋಗಿ ಉಗಿದು ಬಂದು, ಮರಿಯನ್ನು ಎತ್ತಿ ತಂದು ಗಾಯ ತೋರಿಸಿದೆ. "ಇದರೊಳಗಿನ ಹೊಲಿಗೀನೂ ಬಿಟ್ಟರ ಕರಳ ಹೊರಗ ಬರತಾವ. ಡಾಕ್ಟರ್ ಹೇಳ್ಯಾರ. ಆಗ ಇದು ಉಳಿಯೂದಿಲ್ಲ. ಕೈ ನಿಮ್ಮದಾಗಿರತೈತಿ."

ನೀಲವ್ವ ಗಾಯವನ್ನು ಬಹಳ ಹೊತ್ತು ನೋಡಿದರು. "ಆ ಹುಡುಗಿ ದಾರಾನ ಹಲ್ಕಾ ಹಾಕ್ಯಾಳ" ಅಂದರು. ಆದರೆ ಕೈ ಸೆರಗಿನೊಳಗೆ ಹೋಯಿತು.

ಸಂಜೆ ಸುಧಾಳ ಹತ್ತಿರ ಹೋಗಿ "ನೀ ಅಲ್ಲ" ಅಂದೆ. "ಗೊತ್ತೈತ್ರಿ" ಅಂದಳು. ಕತ್ತರಿಸಿದ ಅಂಗಿಗೆ ಹೊಸ ಲಾಡಿ ಹೊಲಿದು ಕೊಟ್ಟಳು. ಅವತ್ತಿನ ಚಹಾದ ಕಪ್ಪು ಸಪ್ಪಳ ಮಾಡಲಿಲ್ಲ.

ಒಳಗಿನ ಹೊಲಿಗೆ ತಡೆಯಿತು. ಹೊರಗಿನ ಬಾಯಿ ತಾನೇ ನಿಧಾನ ಕೂಡಿಕೊಂಡಿತು, ಎರಡನೇ ಸಲ ಮದ್ದು ಕೊಡುವ ಪ್ರಸಂಗ ಬರಲಿಲ್ಲ. ಕೂದಲು ಬೆಳೆದು ಈಗ ಗಾಯದ ಗುರುತು ಹುಡುಕಿದರೂ ಸಿಗುವುದಿಲ್ಲ. ಮರಿಗೆ ಉಪಕಾರದ ನೆನಪಿಲ್ಲ. ನೀಲವ್ವ ಸವಣೂರಿನಿಂದ ಬಂದಾಗೆಲ್ಲ ನನ್ನ ಮಂಚ ಬಿಟ್ಟು ಅವರ ಚಂಚಿಯ ದಾರದ ಜೊತೆ ಆಡುತ್ತದೆ.

ಕೆಲಸ ನನಗೆ ದಿಂಬಿನ ಕೆಳಗೆ ನೋಡುವುದನ್ನು ಕಲಿಸಿತ್ತು. ಬಾಳೆಹಣ್ಣು ಕಸಿದುಕೊಂಡು ಬೈದರೆ ನನ್ನ ಡ್ಯೂಟಿ ಮುಗಿಯಿತು ಎಂದುಕೊಂಡಿದ್ದೆ. ಅದನ್ನು ಅಲ್ಲಿ ಇಟ್ಟ ಮನೆಯವರ ಕೈ ಮತ್ತೆ ಬರುತ್ತಿತ್ತು, ನಾನು ಮತ್ತೆ ಕಸಿಯುತ್ತಿದ್ದೆ. ಈ ಬೆಕ್ಕಿನ ಕೇಸಿನಲ್ಲಿ ತಿಳಿದದ್ದು ಇಷ್ಟು: ಪೇಶಂಟಿಗೆ ಕೇಡು ಮಾಡುವವರು ವೈರಿಗಳೇ ಆಗಬೇಕಿಲ್ಲ, ಮಂಚದ ಬದಿಯಲ್ಲಿ ಕೂತ ಮಂದಿ ಸಾಕು. ಅವರನ್ನು ಬೈದು ಓಡಿಸಲಿಕ್ಕೆ ಆಗುವುದಿಲ್ಲ. ಆ ಕೈಗೆ ಬೇರೆ ಕೆಲಸ ಕೊಡಬೇಕು.

ಆದ್ದರಿಂದ ಚಂಚಿಯ ಪಕ್ಕ ಲಾಡಿ ಇಟ್ಟ ಮರುದಿನ ಬೆಳಿಗ್ಗೆ, ನೀಲವ್ವ ಏಳುವುದನ್ನೇ ಕಾದಿದ್ದು ಹರಳೆಣ್ಣೆ ಕಾಯಿಸಿ ಬಟ್ಟಲಲ್ಲಿ ತಂದು ಅವರ ಮುಂದೆ ಇಟ್ಟೆ. ತುರುಬು ಬಿಚ್ಚಿ, ಅವರಿಗೆ ಬೆನ್ನು ಹಾಕಿ ಕೂತೆ.

"ಹಚ್ಚದ ಇರಾಕಾಗೂದಿಲ್ಲಂದ್ರ ನನ್ನ ನೆತ್ತಿಗೆ ಹಚ್ಚರಿ" ಅಂದೆ.

ಬೆಚ್ಚಗಿನ ಎಣ್ಣೆ ತಲೆಯ ಮೇಲೆ ಬೀಳುವ ತನಕ ನಾನು ಬೆಕ್ಕಿನ ಟ್ರೇ ಮೇಲಿಂದ ಕಣ್ಣು ತೆಗೆಯಲಿಲ್ಲ.