ಮಂಗಳವಾರದ ಅಕ್ಕ

ಅಕ್ಕನ ತೋಳು ದಪ್ಪ. ವರ್ಷಗಟ್ಟಲೆ ಮಗ್ಗ ಎಳೆದು ಗಟ್ಟಿಯಾದ ತೋಳು, ಅದರ ಮೇಲೆ ಕಾಯಿಲೆಯ ಬೊಜ್ಜು ಬೇರೆ. ದವಾಖಾನೆಯ ನರ್ಸಬಾಯಿ ಬಿಪಿ ನೋಡುವ ಪಟ್ಟಿಯನ್ನು ಸುತ್ತಿ ಗಾಳಿ ತುಂಬಿದರೆ ಅದು ಅರ್ಧಕ್ಕೇ ಪರ್ರನೆ ಬಿಚ್ಚಿಕೊಂಡಿತು. ನಾನು ಆಕೆಯನ್ನು ಮೊದಲ ಸಲ ನೋಡಿದ್ದು ಹಾಗೆ. ಸಾಲಿನಲ್ಲಿ ಕೂತ ಮುದುಕರೆಲ್ಲ ನಕ್ಕರು. ಆಕೆ ನಾಚಲಿಲ್ಲ.

"ಈ ಪಟ್ಟಿ ನನಗ ಸಣ್ಣದಾಗತೈತ್ರಿ ಬಾಯಿ. ಸಣ್ಣದು ಸುತ್ತಿದ್ರ ಬಿಪಿ ಇದ್ದದ್ದಕ್ಕಿಂತ ಜಾಸ್ತಿ ತೋರಸತೈತಿ. ಕಪಾಟಿನ್ಯಾಗ ದೊಡ್ಡದೈತಲ್ಲ, ಅದನ್ನ ತರ್ರಿ," ಎಂದಳು.

ದೊಡ್ಡ ಪಟ್ಟಿ ಬಂತು. ಅವಳ ನಂತರದ ಪಾಳಿ ನನ್ನದು, ನನ್ನ ತೋಳೂ ದಪ್ಪವೇ. ಅಂಗಿಯ ತೋಳು ಮೇಲೇರಿಸಲು ಹಿಂಜರಿಯುತ್ತ ನಿಂತಿದ್ದ ನನ್ನನ್ನು ಒಮ್ಮೆ ನೋಡಿ, "ಇವಗೂ ಅದನ್ನ ಸುತ್ರಿ" ಎಂದು ಎದ್ದು ಜಾಗ ಬಿಟ್ಟಳು.

ಆಗ ನನಗೆ ಇಪ್ಪತ್ತಾರು. ಊರು ಶಿರಹಟ್ಟಿ. ಗದಗಿನ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ, ಬೆಟಗೇರಿಯಲ್ಲಿ ಬಾಡಿಗೆಯ ಒಂದು ಕೋಣೆ. ಕಾಲೇಜಿನಲ್ಲಿ ರಕ್ತದಾನದ ಶಿಬಿರ ಇಟ್ಟ ದಿನ ನಾನೂ ಕೈ ಚಾಚಿದ್ದೆ. ಬಿಪಿ ನೋಡಿದವರು ನನ್ನನ್ನು ಪಕ್ಕಕ್ಕೆ ಕೂಡಿಸಿದರು. ಮುಂದೆ ತಪಾಸಣೆ ಮಾಡಿಸಿದಾಗ ಸಕ್ಕರೆ ಅಂಚಿನಲ್ಲಿತ್ತು, ಲಿವರಿನಲ್ಲಿ ಕೊಬ್ಬು ಕೂತಿತ್ತು. ಗೆಳೆಯರಿಗೆ ಹೇಳಿದರೆ, "ಈ ವಯಸ್ಸಿಗೆ ಬಿಪಿನಾ? ಯಾರ ಮ್ಯಾಲಲೇ ನಿನಗಷ್ಟು ಸಿಟ್ಟು?" ಎಂದು ನಕ್ಕರು. ಮನೆಯಲ್ಲಿ ಹೇಳಲೇ ಇಲ್ಲ. ಅವ್ವ ಆಗಷ್ಟೇ ಕನ್ಯಾ ನೋಡಲು ಶುರುಮಾಡಿದ್ದಳು.

ತಿಂಗಳಿಗೊಂದು ಮಂಗಳವಾರ ಬಿಪಿ-ಸಕ್ಕರೆಯವರ ಸಾಲು. ಎಲ್ಲರೂ ಅರವತ್ತು ದಾಟಿದವರು. ಸಣ್ಣವರೆಂದರೆ ನಾವಿಬ್ಬರೇ. ಆಕೆ ನನಗಿಂತ ಎರಡು ವರ್ಷಕ್ಕೆ ದೊಡ್ಡವಳು, ಬೆಟಗೇರಿಯಲ್ಲಿ ಸೀರೆ ನೇಯುವ ಮನೆಯ ಸೊಸೆ. ಒಂದು ಮಧ್ಯಾಹ್ನ ಅಂಚಿನ ಎಳೆಗಳೆಲ್ಲ ಕಣ್ಣಿಗೆ ಒಂದರೊಳಗೊಂದು ಕಲಸಿ ಹೋದವಂತೆ. ಕಣ್ಣಿನ ದೋಷವೆಂದು ತೋರಿಸಲು ಹೋದವಳಿಗೆ ಬಿಪಿ ಇದೆ, ಸಕ್ಕರೆ ಇದೆ ಎಂದು ತಿಳಿಯಿತು. "ಕಣ್ಣ ಡಾಕ್ಟರು ನನ್ನ ರಕ್ತದ ಸುದ್ದಿ ಹೇಳಿದ್ರು ನೋಡ," ಎಂದು ನಗುತ್ತಿದ್ದಳು.

ಸಾಲಿನಲ್ಲಿ ಕೂತು ಆಕೆ ಕಲಿಸಿದ್ದೇ ನನ್ನ ವಿದ್ಯೆ. ಪಟ್ಟಿ ಸುತ್ತುವ ಮುಂಚೆ ಐದು ನಿಮಿಷ ಸುಮ್ಮನೆ ಕೂಡಬೇಕು. ಚಹಾ ಕುಡಿದು ಬರಬಾರದು. "ಎರಡೂ ಕಾಲು ನೆಲಕ್ಕ ಊರು. ಮಾತಾಡಬ್ಯಾಡ. ನೀ ಮಾತಾಡಿದ್ರ ಅದೂ ಮಾತಾಡತೈತಿ." ಉಪ್ಪಿನಕಾಯಿ ಬಿಟ್ಟರೆ ರೊಟ್ಟಿ ಗಂಟಲಿಳಿಯುವುದಿಲ್ಲ ಎಂದು ನಾನು ಗೋಳಾಡಿದ್ದಕ್ಕೆ ಮುಂದಿನ ತಿಂಗಳು ಒಂದು ಡಬ್ಬಿ ಗುರೆಳ್ಳು ಚಟ್ನಿ ತಂದುಕೊಟ್ಟಳು. ಬೆಳ್ಳುಳ್ಳಿ ಇತ್ತು, ಹುಣಸೆ ಇತ್ತು, ಉಪ್ಪು ಮಾತ್ರ ಹೆಸರಿಗಷ್ಟೇ. ಗದಗಿನಿಂದ ಬೆಟಗೇರಿಗೆ ಆಟೊ ಹತ್ತುವುದನ್ನು ಬಿಡಿಸಿದವಳೂ ಅವಳೇ. ದಿನಾ ಸಂಜೆ ಒಬ್ಬನೇ ನಡೆದು ಕೋಣೆ ಸೇರುತ್ತಿದ್ದೆ. ದಾರಿಯುದ್ದಕ್ಕೂ ಯಾರದೋ ಮನೆಯ ಒಗ್ಗರಣೆ, ಮಿರ್ಚಿ ಭಜಿಯ ಬಂಡಿಗಳ ಮುಂದೆ ಗುಂಪು ಕಟ್ಟಿ ನಿಂತ ನನ್ನ ಓರಗೆಯವರು.

ಎರಡನೆಯ ವರ್ಷ ನಾನು ಗುಳಿಗೆ ಬಿಟ್ಟೆ. ತಲೆನೋವಿಲ್ಲ, ಸುಸ್ತಿಲ್ಲ, ಇನ್ನೇಕೆ? ಕನ್ಯಾದವರು ಕೋಣೆಗೆ ಬಂದರೆ ಗುಳಿಗೆಯ ಚೀಟಿ ಕಣ್ಣಿಗೆ ಬಿದ್ದೀತೆಂಬ ಭಯವೂ ಇತ್ತು. ಎರಡು ಮಂಗಳವಾರ ತಪ್ಪಿಸಿ ಮೂರನೆಯದಕ್ಕೆ ಹೋದಾಗ ನರ್ಸಬಾಯಿ ಪಟ್ಟಿ ಬಿಚ್ಚಿ, ಮತ್ತೆ ಸುತ್ತಿ, ಮೂರನೆಯ ಸಲವೂ ಸುತ್ತಿದರು. ನೂರಾ ಎಂಬತ್ತು ದಾಟಿತ್ತು. ಅಕ್ಕನ ಪಾಳಿ ಮುಗಿದಿತ್ತು, ಗುಳಿಗೆ ಕೈಗೆ ಬಂದಿತ್ತು. ಆದರೂ ಹೋಗಲಿಲ್ಲ. ಡಾಕ್ಟರು ನನ್ನನ್ನು ನೋಡಿ, ಮಧ್ಯಾಹ್ನದವರೆಗೂ ಕೂಡಿಸಿ ಬಿಡುವತನಕ ನಾನು ಕೂತ ಮರದ ಬಾಂಕಿನ ಇನ್ನೊಂದು ತುದಿಗೆ ಕೂತೇ ಇದ್ದಳು. ಹೊರಗೆ ಬಂದ ಮೇಲೆ ಅಂದದ್ದು ಒಂದೇ ಮಾತು:

"ತ್ರಾಸ ಇಲ್ಲಂತ ಗುಳಿಗಿ ಬಿಟ್ಟೀಯೇನು ತಮ್ಮಾ? ತ್ರಾಸ ಬಂದ ದಿನ ಗುಳಿಗಿ ನುಂಗಾಕ ನೀ ಇರಬೇಕಲ್ಲ?"

ಆಮೇಲೆ ನಾನು ಒಂದು ದಿನವೂ ಬಿಟ್ಟಿಲ್ಲ.

ನಾಲ್ಕನೆಯ ವರ್ಷದ ಒಂದು ಮಂಗಳವಾರ ಆಕೆ ದನಿ ತಗ್ಗಿಸಿ ಹೇಳಿದಳು. ಮೂರು ತಿಂಗಳಾಗಿತ್ತು. ಬಸಿರಿಗೆ ಮುಂಚೆಯೇ ಡಾಕ್ಟರನ್ನು ಕೇಳಿ ಹಳೆಯ ಗುಳಿಗೆ ಬದಲಿಸಿಕೊಂಡಿದ್ದಳು. "ಮೊದಲಿನ ಗುಳಿಗಿ ಕೂಸಿಗೆ ಆಗಂಗಿಲ್ಲಂತ. ಇದು ಆಗತೈತಂತ. ಇನ್ನ ಮುಂದ ನನ್ನ ಬಿಪಿ ಇಬ್ಬರದು ನೋಡ," ಎಂದಳು. ಅವತ್ತು ಬಾಂಕಿನ ಮೇಲೆ ಆಕೆ ಸುಮ್ಮಸುಮ್ಮನೆ ನಗುತ್ತಿದ್ದಳು.

ಐದನೇ ತಿಂಗಳಿಗೆ ಬಿದ್ದಾಗ ಅತ್ತೆ ಆಕೆಯನ್ನು ಮುಂಡರಗಿ ಕಡೆಯ ತಮ್ಮ ಊರಿಗೆ ಕರೆದೊಯ್ಯಲು ಗೊತ್ತುಮಾಡಿದರು. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂಡುವುದು ಇನ್ನು ಬೇಡ ಎಂದು.

"ಅಲ್ಲಿ ಬಿಪಿ ಯಾರು ನೋಡ್ತಾರಕ್ಕಾ?" ಎಂದೆ.

"ಅಲ್ಲೂ ದವಾಖಾನಿ ಐತಿ. ಚೀಟಿ ಬರಸ್ಕೊಂಡೇನಿ. ನೀ ಮಾತ್ರ ಮಂಗಳವಾರ ತಪ್ಪಸಬ್ಯಾಡ."

ಫೋನ್ ನಂಬರು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಮದುವೆಯಾದ ಹೆಣ್ಣುಮಗಳ ನಂಬರನ್ನು ಸಾಲಿನಲ್ಲಿ ಕೂತ ಗಂಡು ಕೇಳುವುದು ಹೇಗೆ?

ನಾಲ್ಕು ಮಂಗಳವಾರ ಆಕೆ ಬರಲಿಲ್ಲ. ಐದನೆಯದಕ್ಕೆ ನರ್ಸಬಾಯಿ ನನ್ನ ತೋಳಿಗೆ ಪಟ್ಟಿ ಸುತ್ತುವ ಮೊದಲು ಕೈ ಹಿಡಿದರು.

"ನಿಮ್ಮ ಅಕ್ಕ ಹೋದ್ಳಪಾ. ಎಂಟನೇ ತಿಂಗಳಾಗ ಬಿಪಿ ಏರಿ ಮೈ ಸೆಟೆದು ಝಟಕಿ ಬಂದಾವ. ಗದಗಕ್ಕ ತರೂದ್ರಾಗ ಎಚ್ಚರ ತಪ್ಪಿತ್ತಂತ. ಹೆಣ್ಣ ಕೂಸು. ಅದು ಉಳದೈತಿ."

"ಗುಳಿಗಿ ತಗೋತಿದ್ಳಾ ಅಲ್ಲೆ?"

"ತಗೊಂಡೂ ಏರಿತೋ, ಯಾರರೆ ಬಿಡಿಸಿದ್ರೋ, ನನಗೂ ತಿಳೀವಲ್ದು."

ಆ ಸಂಜೆ ಬೆಟಗೇರಿಯ ನೇಕಾರರ ಓಣಿಗಳಲ್ಲಿ ತಿರುಗಿದೆ. ಪ್ರತಿ ಮನೆಯೊಳಗೂ ಮಗ್ಗದ ಸದ್ದು. ಆಕೆಯ ಗಂಡನ ಹೆಸರು ನನಗೆ ಗೊತ್ತಿರಲಿಲ್ಲ, ಯಾವ ಬಾಗಿಲನ್ನು ಬಡಿಯಲಿ? ಬಡಿದರೂ, ನಾನು ಆಕೆಗೆ ಏನಾಗಬೇಕೆಂದು ಹೇಳಲಿ? ಕತ್ತಲಾಗುವ ಮುಂಚೆ ಕೋಣೆಗೆ ಮರಳಿ ಅವ್ವನಿಗೆ ಫೋನು ಮಾಡಿದೆ. ನಾಲ್ಕು ವರ್ಷದಿಂದ ಬಿಪಿ ಇದೆ, ಗುಳಿಗೆ ತಗೊಳ್ಳುತ್ತೇನೆ, ಈಗ ಹಿಡಿತದಲ್ಲಿದೆ ಎಂದು ಎಲ್ಲ ಹೇಳಿದೆ. ಅವ್ವ ಬಹಳ ಹೊತ್ತು ಅತ್ತಳು. ಆಮೇಲೆ ಕೇಳಿದಳು:

"ಒಬ್ಬನ ಇದ್ದೀ, ಇಷ್ಟು ದಿನ ಯಾರು ನೋಡಿಕೊಂಡ್ರೋ ನಿನ್ನ?"

"ಒಬ್ಬಾಕಿ ಅಕ್ಕ ಇದ್ಲವ್ವಾ."

"ಎಲ್ಲ್ಯಾಕಿ? ಯಾರ ಮನಿಯಾಕಿ?"

ಫೋನು ಕಿವಿಗೆ ಹಿಡಿದೇ ಅವತ್ತಿನ ಗುಳಿಗೆ ತೆಗೆದು ನುಂಗಿದೆ. ಆ ತುದಿಯಲ್ಲಿ ಅವ್ವ ಇನ್ನೂ ಕೇಳುತ್ತಿದ್ದಳು.