ಈಶ್ವರಮ್ಮನವರ ಗೋಡೆಯ ಜೇಡಗಳು

ಪಂಚನಹಳ್ಳಿಯ ಈಶ್ವರಮ್ಮನವರಿಗೆ ಸಿಟ್ಟು ಬಂದರೆ ಬೀದಿಯ ಕೊನೆಯ ಮನೆಗೂ ಕೇಳಿಸುತ್ತಿತ್ತು. ಆದರೆ ಕೈಕಾಲು ಕೊಯ್ದುಕೊಂಡವರು ಮೊದಲು ಓಡಿ ಬರುತ್ತಿದ್ದುದೂ ಅವರ ಬಾಗಿಲಿಗೇ. ಅವರ ಕೊಟ್ಟಿಗೆಯ ಗೋಡೆಯಲ್ಲಿ ಜೇಡಗಳು ರೂಪಾಯಿಯಗಲದ ಬಿಳಿ ಗೂಡು ಹೆಣೆದು ಮೊಟ್ಟೆಯಿಡುತ್ತಿದ್ದವು. ಮರಿಗಳು ಎದ್ದುಹೋದ ಗೂಡನ್ನು ಈಶ್ವರಮ್ಮ ಉಗುರಿನಿಂದ ಬಿಡಿಸಿ ಗಾಯಕ್ಕೆ ಅಂಟಿಸುವರು, ರಕ್ತ ನಿಲ್ಲುತ್ತಿತ್ತು. ಜೇಡ ಕಾವಲು ಕುಳಿತ ಗೂಡನ್ನು ಮಾತ್ರ ಯಾರು ಬೇಡಿದರೂ ಮುಟ್ಟುತ್ತಿರಲಿಲ್ಲ. "ಬಾಣಂತಿ ಹಾಸಿಗೆ ಕಿತ್ಕೋತೀಯೇನೋ?" ಎಂದು ಗದರುವರು.

ಎಪ್ಪತ್ತೆಂಟನೆಯ ಇಸವಿಯಲ್ಲಿ ಮಠದ ಸ್ವಾಮಿಗಳು ಅವರ ಮನೆಗೆ ಪಾದಪೂಜೆಗೆ ಬರಲು ಒಪ್ಪಿದರು. ಹನ್ನೆರಡು ವರ್ಷ ಕಾದಿದ್ದ ಭಾಗ್ಯ. ಹಿಂದಿನ ದಿನ ಈಶ್ವರಮ್ಮ ಹೂವು ಹಣ್ಣಿಗೆಂದು ಕಡೂರಿಗೆ ಹೋಗಿ ಬರುವಷ್ಟರಲ್ಲಿ ಗಂಡ ಶಿವಮೂರ್ತಪ್ಪ ಬಿದಿರ ಗಳುವಿಗೆ ಪೊರಕೆ ಕಟ್ಟಿ ಮನೆ, ಕೊಟ್ಟಿಗೆ ಎರಡನ್ನೂ ಗುಡಿಸಿ ಸುಣ್ಣ ಬಳಿದಿದ್ದರು. ಹಿತ್ತಿಲ ಅವರೆ ಚಪ್ಪರದ ಬಲೆಗಳನ್ನೂ ಬಿಟ್ಟಿರಲಿಲ್ಲ.

"ಜೇಡ ಸ್ವಾಮಿಗಳ ತಲೆ ಮೇಲೆ ಬಿದ್ರೆ?" ಎಂದರು ಶಿವಮೂರ್ತಪ್ಪ.

"ಸ್ವಾಮಿಗಳು ದನದ ಕೊಟ್ಟಿಗೇಲಿ ಕೂರ್ತಾರೇನ್ರೀ? ಅವರೆ ಚಪ್ಪರ ಹತ್ತುತಾರಾ? ನನ್ನ ಒಂದು ಮಾತು ಕೇಳೋಕೆ ಬಾಯಿಗೇನಾಗಿತ್ತು?"

"ಜೇಡ ಹೊಡೆಯೋಕೂ ನಿನ್ನ ಅಪ್ಪಣೆ ಬೇಕೇನೇ?"

"ಬೇಕು ಕಣ್ರೀ! ಊರೋರು ಬರೋದು ನನ್ನ ಗೋಡೆ ನೋಡ್ಕೊಂಡು. ನಿಮ್ಮ ಮುಖ ನೋಡ್ಕೊಂಡಲ್ಲ!"

ಆ ಸಂಜೆ ಅಡುಗೆಮನೆಯಲ್ಲಿ ಒಂದು ಪಾತ್ರೆಯೂ ಸದ್ದಿಲ್ಲದೆ ನೆಲ ಮುಟ್ಟಲಿಲ್ಲ.

ಮರುದಿನ ಬೆಳಗ್ಗೆ ಸ್ವಾಮಿಗಳ ಕಾರು ಊರಬಾಗಿಲಿಗೆ ಬಂದಿತೆಂಬ ಸುದ್ದಿ ಮುಟ್ಟಿತು. ಅದೇ ಹೊತ್ತಿಗೆ ಎಳನೀರು ಕೆತ್ತುತ್ತಿದ್ದ ಶಿವಮೂರ್ತಪ್ಪನವರ ಮಚ್ಚು ಜಾರಿ ಹೆಬ್ಬೆರಳ ಬುಡವನ್ನು ಸೀಳಿತು. ಅರಿಸಿನ ಮೆತ್ತಿದರೂ ರಕ್ತ ನಿಲ್ಲಲಿಲ್ಲ. ರಕ್ತ ಸುರಿಯುವ ಕೈಯಿಂದ ಪಾದ ತೊಳೆಯುವುದುಂಟೆ?

"ಲೇ, ಒಂದು ಗೂಡು ನೋಡೇ."

"ಈಗ ಗೂಡು ಬೇಕಾಯ್ತಾ? ಸುಣ್ಣ ಮಿಕ್ಕೈತಲ್ಲ, ಮೆತ್ಕೊಳ್ಳಿ!"

ಬೈಯುತ್ತಲೇ ಈಶ್ವರಮ್ಮ ಕೊಟ್ಟಿಗೆಗೆ ಓಡಿದರು. ಗೋಡೆ ಬೋಳಾಗಿತ್ತು. ಮೂಲೆಯಲ್ಲಿ ತೂಗುಹಾಕಿದ್ದ ಹಳೆಯ ಮೊರವನ್ನು ಎತ್ತಿ ನೋಡಿದರು. ಕುಂಚ ತಲುಪದ ಆ ಜಾಗದಲ್ಲಿ ಒಂದೇ ಒಂದು ಗೂಡು. ಅದನ್ನು ಎಂಟು ಕಾಲುಗಳಿಂದಲೂ ಅಪ್ಪಿ ಕುಳಿತ ತಾಯಿ ಜೇಡ. ಅವರ ಉಗುರು ಗೋಡೆಯವರೆಗೂ ಹೋಯಿತು. ಹನ್ನೆರಡು ವರ್ಷ ಕಾದದ್ದು ನೆನಪಾಯಿತು. ಜೇಡ ಕದಲಲಿಲ್ಲ. ಈಶ್ವರಮ್ಮ ಮೊರವನ್ನು ಮೆಲ್ಲನೆ ಇಳಿಬಿಟ್ಟರು.

ಹೊರಬಂದವರೇ ಗಂಡನ ಹೆಗಲ ಮೇಲಿದ್ದ ಹೊಸ ವಲ್ಲಿಯನ್ನು ಪರ್ರನೆ ಹರಿದು ಕೈಗೆ ಬಿಗಿದರು.

"ಕೈ ಮೇಲೆತ್ಕೊಂಡು ಸುಮ್ನೆ ಕೂತ್ಕೊಳ್ಳಿ. ಪೂಜೆ ನಾನು ಮಾಡ್ತೀನಿ. ನನ್ನ ಕೊರಳಲ್ಲೂ ಲಿಂಗ ಐತೆ."

ಸ್ವಾಮಿಗಳು ಮಣೆಯ ಮೇಲೆ ಕುಳಿತು, ಮೂಲೆಯಲ್ಲಿ ಕೈಯೆತ್ತಿಕೊಂಡಿದ್ದ ಯಜಮಾನರನ್ನು ನೋಡಿ ಏನಾಯಿತೆಂದು ಕೇಳಿದರು. ಈಶ್ವರಮ್ಮ ಪಾದಕ್ಕೆ ನೀರು ಹೊಯ್ಯುತ್ತಾ ಒಂದನ್ನೂ ಬಿಡದೆ ಹೇಳಿದರು. ಹೇಳುತ್ತಾ ಹೇಳುತ್ತಾ ಉಜ್ಜುವ ಕೈ ಬಿರುಸಾಯಿತು.

"ತಾಯಿ, ಮೆಲ್ಲಗೆ," ಎಂದರು ಸ್ವಾಮಿಗಳು. "ತಪ್ಪು ಯಜಮಾನರದು, ಪಾದ ನಮ್ಮದು."

ಸುತ್ತ ನಿಂತವರೆಲ್ಲ ನಕ್ಕರು. ಈಶ್ವರಮ್ಮ ನಗಲಿಲ್ಲ, ಇನ್ನೊಂದು ಚೊಂಬು ನೀರು ಎತ್ತಿಕೊಂಡರು.